ಬ್ಯಾಟರಿ ಬೇಡದ ಕ್ಯಾಮೆರಾ, ಮಸುಕಾದ ಅಜ್ಜಿ!

ಸೋದರಮಾವನ ಬೀರುವಿನಲ್ಲಿ ಎರಡು ದಶಕ ಮಲಗಿದ್ದ 'ಒಲಿಂಪಸ್ ಟ್ರಿಪ್ 35' ಕ್ಯಾಮೆರಾ ಕಳೆದ ತಿಂಗಳು ನನ್ನ ಕೈಸೇರಿತು. ಡಿಜಿಟಲ್ ಯುಗದಲ್ಲಿಯೇ ವೃತ್ತಿಗೆ ಬಂದ ನಾನು ಕೈಯಾರೆ ಫಿಲ್ಮ್ ರೋಲು ತುಂಬಿಸಿದ್ದು ಇದೇ ಮೊದಲು. ಒಂದು ರೋಲಿಗೆ 36 ಚಿತ್ರಗಳು. ಅಷ್ಟರಲ್ಲಿ ಒಂದಾದರೂ ಅಜ್ಜಿಯ ಒಳ್ಳೆಯ ಭಾವಚಿತ್ರವಾಗಲಿ ಎಂಬುದಷ್ಟೇ ಆಸೆ.

ಜಪಾನಿನ ಒಲಿಂಪಸ್ ಕಂಪನಿ 1967ರಲ್ಲಿ ಹೊರತಂದು 1984ರವರೆಗೆ ತಯಾರಿಸಿದ ಕ್ಯಾಮೆರಾ ಇದು. ಪ್ರವಾಸ ಹೊರಡುವ ಸಾಮಾನ್ಯರಿಗಾಗಿಯೇ ರೂಪುಗೊಂಡದ್ದರಿಂದ 'ಟ್ರಿಪ್' ಎಂಬ ಹೆಸರು.

ಇದಕ್ಕೆ ಬ್ಯಾಟರಿಯೇ ಬೇಡ. ಮಸೂರದ ಸುತ್ತ ಜೇನುಗೂಡಿನಂತೆ ಕಾಣುವ ಬಳೆಯ ಹಿಂದೆ ಸೆಲೆನಿಯಂ ಕೋಶವಿದೆ. ಅದರ ಮೇಲೆ ಬೆಳಕು ಬಿದ್ದೊಡನೆ ಅಲ್ಪ ಪ್ರಮಾಣದ ವಿದ್ಯುತ್ ಹುಟ್ಟಿ ಮಾಪಕದ ಮುಳ್ಳು ಕದಲುತ್ತದೆ. ಮುಳ್ಳು ನಿಂತ ಜಾಗಕ್ಕೆ ತಕ್ಕಂತೆ ಮಸೂರದ ಕಿಂಡಿ ಎಷ್ಟು ತೆರೆಯಬೇಕು, ಷಟರ್ ವೇಗ ಸೆಕೆಂಡಿನ 1/200 ಇರಬೇಕೋ 1/40 ಇರಬೇಕೋ ಎಂಬುದನ್ನು ಕ್ಯಾಮೆರಾವೇ ನಿರ್ಧರಿಸುತ್ತದೆ. ಬೆಳಕು ಸಾಲದಿದ್ದರೆ ವ್ಯೂಫೈಂಡರ್‌ನಲ್ಲಿ ಪುಟ್ಟ ಕೆಂಪು ಬಾವುಟ ಏಳುತ್ತದೆ. ಗುಂಡಿ ಒತ್ತಿದರೂ ಚಿತ್ರ ಬೀಳುವುದಿಲ್ಲ, ಫಿಲ್ಮ್ ವ್ಯರ್ಥವಾಗುವುದಿಲ್ಲ.

ಹಳೆಯ ಟ್ರಿಪ್ ಕೊಳ್ಳುವವರಿಗೆ ಇದೇ ಮೊದಲ ಪರೀಕ್ಷೆ. ಬಳೆಯನ್ನು 'ಎ' ಗುರುತಿಗೆ ತಂದು, ಮಸೂರವನ್ನು ಅಂಗೈಯಿಂದ ಮುಚ್ಚಿ ಗುಂಡಿ ಒತ್ತಿ. ಬಾವುಟ ಏಳಬೇಕು. ಬೆಳಕಿಗೆ ತಿರುಗಿಸಿ ಒತ್ತಿದರೆ ಕ್ಲಿಕ್ ಎನ್ನಬೇಕು. ಬೆಳಕಿನಲ್ಲೂ ಬಾವುಟ ಎದ್ದರೆ ಕೋಶ ಸೋತಿರಬಹುದು. ರೋಲು ತುಂಬಿಸಿದ ಮೇಲೆ ಮತ್ತೊಂದು ಎಚ್ಚರ: ಫಿಲ್ಮನ್ನು ಮುಂದಕ್ಕೆ ಸರಿಸುವಾಗ ಎಡಗಡೆಯ ಹಿಡಿಯೂ ತಿರುಗಬೇಕು. ಇಲ್ಲವಾದರೆ ಫಿಲ್ಮ್ ಹಲ್ಲಿಗೆ ಸಿಕ್ಕಿಲ್ಲವೆಂದೇ ಅರ್ಥ.

ದೂರವನ್ನು ಮಾತ್ರ ನಾವೇ ಹೇಳಬೇಕು. ಮಸೂರದ ಬಳೆಯಲ್ಲಿ ನಾಲ್ಕು ಚಿತ್ರಗಳಿವೆ: ಒಬ್ಬರಿದ್ದರೆ ಸುಮಾರು 1 ಮೀಟರ್, ಇಬ್ಬರಿದ್ದರೆ 1.5 ಮೀಟರ್, ಗುಂಪಿದ್ದರೆ 3 ಮೀಟರ್. ಬೆಟ್ಟದ ಗುರುತು ದೂರದ ನೋಟಕ್ಕೆ. ಮೊದಲ ದಿನ ಲಾಲ್‌ಬಾಗ್‌ನ ಬಿಸಿಲಿನಲ್ಲಿ ಸುತ್ತಾಡುವಾಗ ಬಳೆಯನ್ನು ಬೆಟ್ಟದ ಗುರುತಿನಲ್ಲಿಟ್ಟು ಮರೆತೆ. ಮರುದಿನ ಊರಿನ ಮನೆಯ ಜಗಲಿಯಲ್ಲಿ ಅಜ್ಜಿಯನ್ನು ಕೂರಿಸಿ ಮೂರು ಚಿತ್ರ ತೆಗೆದೆ. ಬಾವುಟ ಏಳಲಿಲ್ಲ, ಎಲ್ಲವೂ ಸರಿಯಿದೆ ಎಂದುಕೊಂಡೆ.

ವಾರದ ನಂತರ ಲ್ಯಾಬಿನಿಂದ ಬಂದ ಚಿತ್ರಗಳಲ್ಲಿ ಲಾಲ್‌ಬಾಗ್ ಸ್ಪಷ್ಟವಾಗಿತ್ತು. ಅಜ್ಜಿ ಮೂರರಲ್ಲೂ ಮಸುಕು; ಹಿಂದಿನ ತೆಂಗಿನಮರದ ಗರಿಗಳು ಮಾತ್ರ ಎಣಿಸುವಷ್ಟು ನಿಚ್ಚಳ!

ಕಾರಣ ಸರಳ. ಬಿಸಿಲಿನಲ್ಲಿ ಕಿಂಡಿ ಕಿರಿದಾಗುವುದರಿಂದ ಹತ್ತಿರದ್ದೂ ದೂರದ್ದೂ ಬಹುಮಟ್ಟಿಗೆ ಸ್ಪಷ್ಟವಾಗಿ ಮೂಡುತ್ತದೆ, ಅಳತೆ ತಪ್ಪಿದರೂ ಕ್ಷಮೆಯುಂಟು. ನೆರಳಿನಲ್ಲಿ ಕಿಂಡಿ ಅಗಲವಾಗುತ್ತದೆ. ಆಗ ಬಳೆ ಸೂಚಿಸಿದ ದೂರವಷ್ಟೇ ಸ್ಪಷ್ಟ. ಕೆಂಪು ಬಾವುಟ ಕಾಯುವುದು ಬೆಳಕನ್ನು, ದೂರವನ್ನಲ್ಲ. ಡಿಜಿಟಲ್ ಆಗಿದ್ದರೆ ತಪ್ಪು ಆ ಕ್ಷಣವೇ ತಿಳಿಯುತ್ತಿತ್ತು.

"ನನ್ನ ಬಿಟ್ಟು ಮರದ ಫೋಟೋ ತೆಗೆದಿದ್ದೀಯಲ್ಲೋ" ಎಂದು ಅಜ್ಜಿ ನಕ್ಕರು. ಇನ್ನೊಂದು ರೋಲು ತಂದಿದ್ದೇನೆ. ಈ ಬಾರಿ ಜಗಲಿಯಲ್ಲಿ ಮೊದಲು ತಿರುಗುವುದು ಬಳೆ, ಆಮೇಲೆ ಕ್ಲಿಕ್.