ಗುಂಡು ಮಗುವಿನ ಒಳಗಿನ ಕೊರತೆ

ಹೆರಿಗೆಯ ಸುದ್ದಿ ಬಂದೊಡನೆ ನಮ್ಮ ಮನೆಗಳಲ್ಲಿ ಕೇಳುವ ಮೊದಲ ಪ್ರಶ್ನೆ 'ಹೆಣ್ಣೋ ಗಂಡೋ', ಎರಡನೆಯದು 'ತೂಕವೆಷ್ಟು?' ನಾಲ್ಕು ಕಿಲೋ ಎಂದರೆ ಅಜ್ಜಿಯರ ಮುಖ ಅರಳುತ್ತದೆ. ಮಾನಂದವಾಡಿಯಿಂದ ಸುಲ್ತಾನ್ ಬತ್ತೇರಿಯವರೆಗೆ ವಯನಾಡಿನ ಕನ್ನಡ ಕುಟುಂಬಗಳೆಲ್ಲ ಹಂಚಿಕೊಳ್ಳುವ ಸಂತೋಷವಿದು. ಆದರೆ ಬಸಿರಿನಲ್ಲಿ ತಾಯಿಗೆ ಸಕ್ಕರೆ ಕಾಯಿಲೆಯಿದ್ದಲ್ಲಿ, ಮಗುವಿನ ಗುಂಡುತನವನ್ನು ಆರೋಗ್ಯದ ಗುರುತೆಂದು ನಾವು ನಂಬುವಂತಿಲ್ಲ.

ತಾಯಿಯ ರಕ್ತದಲ್ಲಿ ಹೆಚ್ಚಾದ ಸಕ್ಕರೆ ಮಾಸಿನ ಮೂಲಕ ಶಿಶುವನ್ನು ಸೇರುತ್ತದೆ. ಆಗ ಶಿಶು ತಾನೇ ಹೆಚ್ಚು ಇನ್‌ಸುಲಿನ್ ಸ್ರವಿಸಿ, ಆ ಸಕ್ಕರೆಯನ್ನು ಕೊಬ್ಬಾಗಿ ಕೂಡಿಡುತ್ತದೆ. ಗುಂಡುತನದ ಗುಟ್ಟು ಇಷ್ಟೇ.

ಕೊಬ್ಬಿನಲ್ಲಿಯೂ ಬಗೆಗಳುಂಟು. ಮಿದುಳು ಮತ್ತು ಕಣ್ಣಿನ ಬೆಳವಣಿಗೆಗೆ ಬೇಕಾದ ಡಿ.ಎಚ್.ಎ. ಎಂಬ ಮೇದಾಮ್ಲವು ಸಕ್ಕರೆಯಿಂದ ಹುಟ್ಟುವಂಥದಲ್ಲ. ಬಸಿರಿನ ಕೊನೆಯ ತಿಂಗಳುಗಳಲ್ಲಿ ಮಾಸು ಅದನ್ನು ತಾಯಿಯ ರಕ್ತದಿಂದ ಆಯ್ದು ಶಿಶುವಿಗೆ ದಾಟಿಸುತ್ತದೆ. ಸಕ್ಕರೆ ಕಾಯಿಲೆಯಿದ್ದ ತಾಯಂದಿರ ಶಿಶುಗಳ ಹೊಕ್ಕುಳಬಳ್ಳಿಯ ರಕ್ತದಲ್ಲಿ ಅದು ಕಡಮೆಯಿರುವುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. 2016ರಲ್ಲಿ ಪ್ರಕಟವಾದ ಲಂಡನ್ನಿನ ಪ್ರಯೋಗವೊಂದರಲ್ಲಿ ಇಂಥ ಗರ್ಭಿಣಿಯರಿಗೆ ಡಿ.ಎಚ್.ಎ. ಗುಳಿಗೆ ಕೊಟ್ಟಾಗ ತಾಯಂದಿರಲ್ಲಿ ಅದರ ಪ್ರಮಾಣ ಏರಿತು, ಶಿಶುಗಳಲ್ಲಿ ಏರಲಿಲ್ಲ. ದಾಟಿಸುವ ಕೆಲಸದಲ್ಲಿಯೇ ತೊಡಕಿರಬೇಕೆಂದು ಇದರಿಂದ ತೋರುತ್ತದೆ. ಇಷ್ಟಕ್ಕೇ ಮಗು ಮಂದಬುದ್ಧಿಯಾಗುವುದೆಂದು ಯಾರೂ ಹೆದರಬೇಕಾಗಿಲ್ಲ, ಎಚ್ಚರಿಕೆಯಿದ್ದರೆ ಸಾಕು.

ಇದು ದೂರದೇಶದ ಮಾತಲ್ಲ. ನಾವು ಗುಂಡ್ಲುಪೇಟೆಯ ದಾರಿಯಾಗಿ ಹೋಗುವ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ 785 ಗರ್ಭಿಣಿಯರನ್ನು ಪರೀಕ್ಷಿಸಿದಾಗ 49 ಮಂದಿಗೆ ಸಕ್ಕರೆ ಕಾಯಿಲೆಯಿತ್ತು. ಅವರ ಮಕ್ಕಳು ಹೆಚ್ಚು ತೂಕದಿಂದ ಹುಟ್ಟಿದರು. ಐದನೆಯ ವಯಸ್ಸಿನಲ್ಲಿ ಅವರ ಹೆಣ್ಣುಮಕ್ಕಳ ಚರ್ಮದಡಿಯ ಕೊಬ್ಬೂ ರಕ್ತದ ಇನ್‌ಸುಲಿನ್ನೂ ಇತರರಿಗಿಂತ ಹೆಚ್ಚಾಗಿದ್ದವು.

ಹಾಗಾದರೆ ನಮ್ಮ ಕೈಯಲ್ಲಿರುವುದೇನು? ಮೊದಲನೆಯದು ಪರೀಕ್ಷೆ. 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕುಡಿಸಿ, ಎರಡು ಗಂಟೆಯ ಬಳಿಕ ರಕ್ತ ನೋಡುತ್ತಾರೆ. 140 ಅಥವಾ ಮೇಲಿದ್ದರೆ ಕಾಯಿಲೆಯುಂಟು. ಬಸಿರಿನ ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28 ವಾರಗಳೊಳಗೆ ಮತ್ತೊಮ್ಮೆ ಇದನ್ನು ಮಾಡಿಸಬೇಕು. ಕಾಯಿಲೆ ಕಂಡರೆ, 'ಎರಡು ಜೀವದವಳು' ಎಂದು ಅನ್ನ, ಸಿಹಿ ಒತ್ತಾಯಿಸಿ ಬಡಿಸುವುದನ್ನು ಹಿರಿಯರು ಬಿಡಬೇಕು. ಪಥ್ಯದಿಂದ ಹತೋಟಿಗೆ ಬಾರದಿದ್ದರೆ ವೈದ್ಯರು ಹೇಳಿದ ಔಷಧಕ್ಕೆ ಹಿಂಜರಿಯಬಾರದು.

ಮೀನು ತಿನ್ನುವವರಿಗೆ ಮತ್ತಿ, ಬಂಗುಡೆಗಳಲ್ಲಿ ಡಿ.ಎಚ್.ಎ. ಧಾರಾಳವಾಗಿದೆ. ಜೈನರಂಥ ಸಸ್ಯಾಹಾರಿಗಳ ಮನೆಗಳಲ್ಲಿ ಅಗಸೆಯ ಚಟ್ನಿಪುಡಿ ಒಳ್ಳೆಯದೇ. ಆದರೆ ದೇಹ ಅದರಿಂದ ತಯಾರಿಸಿಕೊಳ್ಳುವ ಡಿ.ಎಚ್.ಎ. ಅತ್ಯಲ್ಪ. ಪಾಚಿಯಿಂದ ತೆಗೆದ ಗುಳಿಗೆಯ ವಿಷಯವನ್ನು ಅವರು ವೈದ್ಯರಲ್ಲಿ ವಿಚಾರಿಸಬಹುದು.

ಎಲ್ಲಕ್ಕಿಂತ ಮಿಗಿಲಾದುದು ಎದೆಹಾಲು. ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ತಾಯಿಯ ಸಕ್ಕರೆ ನಿಲ್ಲುತ್ತದೆ, ಶಿಶುವಿನ ಇನ್‌ಸುಲಿನ್ ಮಾತ್ರ ಉಳಿಯುತ್ತದೆ; ಅದರ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಆದುದರಿಂದ ಗಂಟೆಯೊಳಗೆ ಗಿಣ್ಣುಹಾಲು ಉಣಿಸಬೇಕು. ಜೇನು ನೆಕ್ಕಿಸುವ ವಾಡಿಕೆ ಬೇಡ. ಮಾಸು ಸರಿಯಾಗಿ ದಾಟಿಸದೆ ಉಳಿಸಿದ ಮೇದಾಮ್ಲವೂ ಈ ಹಾಲಿನಲ್ಲಿಯೇ ಮಗುವಿಗೆ ದೊರೆಯುತ್ತದೆ.

ಹೆರಿಗೆಯಾದ ಆರು ವಾರಕ್ಕೆ ಬಾಣಂತಿಗೂ ಮತ್ತೆ ಪರೀಕ್ಷೆಯಾಗಲಿ. ಇನ್ನು ಮುಂದೆ ತೊಟ್ಟಿಲ ಬಳಿ ನಿಂತು ತೂಕ ಕೇಳುವಾಗ, 'ತಾಯಿಯ ಸಕ್ಕರೆ ನೋಡಿಸಿದಿರಾ?' ಎಂದೂ ಕೇಳೋಣ.