ಉಪ್ಪಾಗೆ, ಮುರುಗಲು: ಹಳ್ಳಿಯ ಅರಿವಿನಿಂದ ವ್ಯಾಪಾರ ಕಲಿಯಬೇಕಾದುದು

ಸಹ್ಯಾದ್ರಿಯ ಮಡಿಲಿನ ಹಳ್ಳಿಗಳಲ್ಲಿ ಅಡುಗೆಯ ಹುಳಿಗೆ ಹುಣಸೆಯೊಂದೇ ಆಧಾರವಲ್ಲ. ಉತ್ತರ ಕನ್ನಡ ಮತ್ತು ಕರಾವಳಿಯ ಮನೆಗಳಲ್ಲಿ ಮುರುಗಲು ಹಾಗೂ ಉಪ್ಪಾಗೆ ತಲೆಮಾರುಗಳಿಂದ ಬಳಕೆಯಲ್ಲಿವೆ. ಇವೆರಡೂ ಒಂದೇ ಕುಲಕ್ಕೆ ಸೇರಿದ ಮರಗಳು. ಒಂದು ಕಾಲಕ್ಕೆ ಮನೆಬಳಕೆಗಷ್ಟೇ ಸೀಮಿತವಾಗಿದ್ದ ಇವು ಇಂದು ಪಾನೀಯ, ಸೌಂದರ್ಯವರ್ಧಕ ಹಾಗೂ ಸಾರಸತ್ವ ಉದ್ಯಮಗಳ ಕಚ್ಚಾ ಸಾಮಗ್ರಿಗಳಾಗಿವೆ. ಈ ಪಯಣದಲ್ಲಿ ವರ್ತಕರು ಹಾಗೂ ಸಣ್ಣ ಉದ್ಯಮಿಗಳು ಗಮನಿಸಬೇಕಾದ ಹಲವು ಸಂಗತಿಗಳಿವೆ.

ಮನೆಯಂಗಳದ ಬಳಕೆ

ತುಳುವಿನಲ್ಲಿ ಪುನರ್ಪುಳಿ ಎನಿಸಿಕೊಳ್ಳುವ ಮುರುಗಲು ಬೇಸಿಗೆಯಲ್ಲಿ ಹಣ್ಣಾಗುತ್ತದೆ. ಕಡುಗೆಂಪು ಸಿಪ್ಪೆಯನ್ನು ಮಳೆ ಹಿಡಿಯುವ ಮುನ್ನವೇ ಬಿಸಿಲಿನಲ್ಲಿ ಒಣಗಿಸಿಟ್ಟರೆ ವರ್ಷವಿಡೀ ಸಾರಿಗೆ ಒದಗುತ್ತದೆ. ತಾಜಾ ಸಿಪ್ಪೆಗೆ ಸಕ್ಕರೆ ಬೆರೆಸಿ ಶರಬತ್ತು ಮಾಡುತ್ತಾರೆ. ಬೀಜವೂ ವ್ಯರ್ಥವಾಗುವುದಿಲ್ಲ. ಒಣಗಿದ ಬೀಜವನ್ನು ಕುಟ್ಟಿ ನೀರಿನಲ್ಲಿ ಕುದಿಸಿ, ಮೇಲೆ ತೇಲುವ ಕೊಬ್ಬನ್ನು ತೆಗೆದು ಗಟ್ಟಿಯಾಗಲು ಬಿಡುತ್ತಾರೆ. ಒಡೆದ ಹಿಮ್ಮಡಿಗೆ ಈ ಮುರುಗಲು ತುಪ್ಪಕ್ಕಿಂತ ಮಿಗಿಲಾದ ಮದ್ದಿಲ್ಲವೆಂದು ಹಿರಿಯರು ನಂಬಿದ್ದರು. ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾಗಿದ್ದು ಮೈಯ ಶಾಖಕ್ಕೆ ಮೆದುವಾಗುವ ಇದೇ ಗುಣದಿಂದಾಗಿ ಇಂದು ಮುಲಾಮು ಮತ್ತು ಸಾಬೂನು ತಯಾರಕರೂ ಇದನ್ನು ಬಯಸುತ್ತಾರೆ. ಚಾಕಲೇಟಿನಲ್ಲಿ ಕೋಕೋ ಬೆಣ್ಣೆಯ ಜೊತೆಗೆ ಮಿತ ಪ್ರಮಾಣದಲ್ಲಿ ಬಳಸಬಹುದಾದ ಆರು ಸಸ್ಯಜನ್ಯ ಕೊಬ್ಬುಗಳನ್ನು ಐರೋಪ್ಯ ಒಕ್ಕೂಟವು 2000ನೇ ಇಸವಿಯಲ್ಲಿ ಹೆಸರಿಸಿತು. ಅವುಗಳಲ್ಲಿ ಮುರುಗಲು ತುಪ್ಪವೂ ಒಂದು.

ಉಪ್ಪಾಗೆಯ ಸ್ವಭಾವ ಬೇರೆ. ಸಣ್ಣ ಕುಂಬಳಕಾಯಿಯಂತೆ ಏಣುಗಳುಳ್ಳ ಅದರ ಹಳದಿ ಹಣ್ಣು ಮಾಗುವುದು ಮಳೆಗಾಲದಲ್ಲಿ. ಆದುದರಿಂದ ಸಿಪ್ಪೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಯ ಶಾಖಕ್ಕೆ ಒಣಗಿಸುವುದು ವಾಡಿಕೆ. ಬೀಜದ ತುಪ್ಪ ಮಲೆನಾಡಿನ ಅಡುಗೆಯಲ್ಲಿ ಬಳಕೆಯಾಗುತ್ತಿತ್ತು. ಕೇರಳದಲ್ಲಿ ಇದೇ ಸಿಪ್ಪೆ ಕುಡಂಪುಳಿ ಎಂಬ ಹೆಸರಿನಿಂದ ಮೀನಿನ ಸಾರಿಗೆ ಅನಿವಾರ್ಯ. ಹೀಗಾಗಿ ನಮ್ಮ ಕಾಡಿನ ಉಪ್ಪಾಗೆಗೆ ನೆರೆರಾಜ್ಯದಲ್ಲಿ ಮೊದಲಿನಿಂದಲೂ ಗಿರಾಕಿಗಳಿದ್ದರು.

ಬೇಡಿಕೆಯ ಬಿರುಗಾಳಿ

1990ರ ದಶಕದಲ್ಲಿ ಚಿತ್ರ ಬದಲಾಯಿತು. ಉಪ್ಪಾಗೆ ಸಿಪ್ಪೆಯಲ್ಲಿ ಹೇರಳವಾಗಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವು ದೇಹದ ಕೊಬ್ಬು ಕರಗಿಸುತ್ತದೆಂಬ ಪ್ರಚಾರ ಪಾಶ್ಚಾತ್ಯ ದೇಶಗಳಲ್ಲಿ ಹಬ್ಬಿ, ಸಾರಸತ್ವ ತಯಾರಕರಿಂದ ಬೇಡಿಕೆ ಏರಿತು. ಬೆಲೆ ಏರಿದೊಡನೆ ಕಾಡಿನಲ್ಲಿ ಪೈಪೋಟಿಯೂ ಏರಿತು. ಹಿಂದೆ ಹಣ್ಣು ಮಾಗಿ ಉದುರುವವರೆಗೆ ಕಾಯುತ್ತಿದ್ದರು. ಈಗ ಇಂದು ನಾನು ಕೊಯ್ಯದಿದ್ದರೆ ನಾಳೆ ಮತ್ತೊಬ್ಬ ಕೊಯ್ದಾನೆಂಬ ಆತಂಕದಿಂದ ಬಲಿಯದ ಕಾಯಿಗಳನ್ನೇ ಕಿತ್ತರು. ಹಲವೆಡೆ ಕೊಂಬೆಗಳನ್ನೇ ಕಡಿದರು. ಮಳೆಯಲ್ಲಿ ಸಿಪ್ಪೆ ಒಣಗಿಸಲು ಅಪಾರ ಸೌದೆಯೂ ಉರಿಯಿತು. ಕಾಡುಪ್ರಾಣಿಗಳಿಗೆ ಆಹಾರವಾಗಿ, ಅವುಗಳ ಮೂಲಕ ಹರಡಬೇಕಾದ ಬೀಜದ ಪಾಲು ಕುಗ್ಗಿತು.

ಇಷ್ಟಾಗಿಯೂ ಆ ಪ್ರಚಾರ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ನಿಯತಕಾಲಿಕೆಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ 135 ಜನರನ್ನು 12 ವಾರಗಳ ಕಾಲ ಪರಿಶೀಲಿಸಲಾಯಿತು. ಉಪ್ಪಾಗೆ ಸತ್ವ ಸೇವಿಸಿದವರಿಗೂ ಹುಸಿಮಾತ್ರೆ ಸೇವಿಸಿದವರಿಗೂ ತೂಕದ ಇಳಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಈ ಸತ್ವವುಳ್ಳ ಕೆಲವು ಉತ್ಪನ್ನಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ಮುಂದೆ ವೈದ್ಯಕೀಯ ವರದಿಗಳಲ್ಲಿ ದಾಖಲಾದವು. ಸಾರಿಗೆ ಹಾಕುವ ಎರಡು ಎಸಳು ಸಿಪ್ಪೆ ಬೇರೆ, ಸಾಂದ್ರೀಕರಿಸಿದ ಮಾತ್ರೆ ಬೇರೆ. ಸಾಂಪ್ರದಾಯಿಕ ಬಳಕೆಯ ಹೆಸರಿನಲ್ಲಿ ಸಂಪ್ರದಾಯಕ್ಕೆ ಗೊತ್ತೇ ಇಲ್ಲದ ಗುಣವನ್ನು ಮಾರಹೊರಟರೆ ಅಂತಹ ವ್ಯಾಪಾರಕ್ಕೆ ಭದ್ರ ತಳಹದಿ ಇರುವುದಿಲ್ಲ.

ಉದ್ಯಮಿಗಳು ಗಮನಿಸಬೇಕಾದುದು

ಮೊದಲನೆಯದು ಖರೀದಿಯ ಕ್ರಮ. ಮಾಗಿದ ಹಣ್ಣಿನ ಸಿಪ್ಪೆಗೂ ಎಳೆಗಾಯಿಯ ಸಿಪ್ಪೆಗೂ ಒಂದೇ ದರ ಕೊಟ್ಟರೆ ಮಾಗುವವರೆಗೆ ಕಾಯಲು ಯಾರಿಗೂ ಕಾರಣವಿರುವುದಿಲ್ಲ. ದರ್ಜೆಗೆ ತಕ್ಕ ಬೆಲೆಯನ್ನು ಋತುವಿನ ಆರಂಭದಲ್ಲೇ ಪ್ರಕಟಿಸುವುದು ಒಳಿತು. ಕೇರಳದ ಅಡುಗೆಮನೆಗೆ ಹೊಗೆಗೆ ಕಪ್ಪಾದ ಸಿಪ್ಪೆ ಬೇಕು. ಇತರ ಗ್ರಾಹಕರ ಅಗತ್ಯವನ್ನು ಮೊದಲೇ ವಿಚಾರಿಸಿ ಸಂಗ್ರಾಹಕರಿಗೆ ತಿಳಿಸಬೇಕು. ಉರುವಲು ಉಳಿಸುವ ಸುಧಾರಿತ ಒಲೆಗಳಿಗೆ ಮುಂಗಡ ನೀಡುವುದು ವರ್ತಕನಿಗೂ ಲಾಭದಾಯಕ.

ಎರಡನೆಯದು ಕೃಷಿ. ಈ ಮರಗಳಲ್ಲಿ ಗಂಡು ಹೆಣ್ಣು ಬೇರೆ ಬೇರೆ. ಬೀಜದಿಂದ ಬೆಳೆಸಿದ ಸಸಿ ಗಂಡೋ ಹೆಣ್ಣೋ ಎಂಬುದು ಹೂ ಬಿಡುವವರೆಗೆ ತಿಳಿಯದು. ಅದಕ್ಕೆ ಹಲವು ವರ್ಷ ಬೇಕು. ಉತ್ತಮ ಹೆಣ್ಣು ಮರದ ಕಸಿ ಗಿಡಗಳನ್ನು ತೋಟದ ಅಂಚಿನಲ್ಲಿ ಬೆಳೆಸಿದರೆ ಕಾಡಿನ ಮೇಲಿನ ಒತ್ತಡ ತಗ್ಗುತ್ತದೆ, ಸರಕಿನ ಗುಣಮಟ್ಟವೂ ಏಕರೂಪವಾಗಿರುತ್ತದೆ.

ಮೂರನೆಯದು ಕಾನೂನು. 2006ರ ಅರಣ್ಯ ಹಕ್ಕು ಕಾಯಿದೆಯು ಕಿರು ಅರಣ್ಯ ಉತ್ಪನ್ನಗಳ ಮೇಲೆ ಅರಣ್ಯವಾಸಿಗಳ ಹಕ್ಕನ್ನು ಮಾನ್ಯ ಮಾಡಿದೆ. 2002ರ ಜೀವವೈವಿಧ್ಯ ಕಾಯಿದೆಯು ಜೈವಿಕ ಸಂಪನ್ಮೂಲಗಳ ವಾಣಿಜ್ಯ ಬಳಕೆಗೆ ರಾಜ್ಯ ಮಂಡಳಿಗೆ ಪೂರ್ವಸೂಚನೆ ಹಾಗೂ ಲಾಭದ ಹಂಚಿಕೆಯನ್ನು ವಿಧಿಸುತ್ತದೆ. ಸ್ಥಳೀಯ ಜನರಿಗೂ ಬೆಳೆಗಾರರಿಗೂ, ಸಾಮಾನ್ಯ ಸರಕುಗಳೆಂದು ಅಧಿಸೂಚಿತವಾದವುಗಳಿಗೂ ವಿನಾಯಿತಿಗಳುಂಟು. 2023ರಲ್ಲಿ ಈ ಕಾಯಿದೆಗೆ ತಿದ್ದುಪಡಿಯಾಗಿರುವುದರಿಂದ ತಮ್ಮ ಸರಕು ಯಾವ ವರ್ಗಕ್ಕೆ ಸೇರುತ್ತದೆಂಬುದನ್ನು ಮಂಡಳಿಯಿಂದ ಖಚಿತಪಡಿಸಿಕೊಂಡು ವ್ಯವಹಾರ ಆರಂಭಿಸುವುದು ಕ್ಷೇಮ.

ಹಣ್ಣು ಮಾಗುವವರೆಗೆ ಕಾಯುವುದು, ಬೀಜವನ್ನೂ ಬಳಸುವುದು, ಮರಕ್ಕೆ ಕೊಡಲಿ ತಾಗಿಸದಿರುವುದು ಹಳ್ಳಿಯ ಮನೆಗಳ ರೂಢಿ. ಇವನ್ನು ಹಳೆಯ ಕಾಲದ ಆಚಾರವೆಂದು ಬದಿಗಿಡದೆ ಖರೀದಿಯ ಷರತ್ತುಗಳಲ್ಲೇ ಅಳವಡಿಸಿಕೊಂಡರೆ ಮುಂದಿನ ಋತುವಿಗೂ ಸರಕು ದೊರೆಯುತ್ತದೆ.