ಪಂಕ್ತಿಯಿಂದ ಎಬ್ಬಿಸಿದ ಹುಡುಗ ಹೂಡಿದ ಒಲೆ

ಬಹಳ ವರ್ಷಗಳ ಹಿಂದಿನ ಮಾತೇನಲ್ಲ. ಹಾತಕಣಂಗಲೆಯಿರಲಿ, ಗಡಹಿಂಗ್ಲಜವಿರಲಿ, ಬೆಳಗಿನ ಹೊತ್ತು ಕೊಲ್ಹಾಪುರದ ಎಸ್‌ಟಿ ಬಸ್ಸಿಗೆ ಜನಕ್ಕಿಂತ ಮೊದಲು ಡಬ್ಬಿಗಳು ಹತ್ತುತ್ತಿದ್ದವು. ಅಲ್ಯುಮಿನಿಯಂ ಡಬ್ಬಿ, ಅದಕ್ಕೊಂದು ಬಟ್ಟೆಯ ಚೀಲ, ಚೀಲದ ಮೇಲೆ ದಾರದಲ್ಲಿ ಹೊಲಿದ ಹೆಸರು. ಒಳಗೆ ಜೋಳದ ಭಕ್ಕರಿ, ಝುಣಕ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ಕಂಡಕ್ಟರ್ ಅವನ್ನು ಡ್ರೈವರನ ಬೆನ್ನ ಹಿಂದೆ ಒಂದರ ಮೇಲೊಂದು ಒಟ್ಟುತ್ತಿದ್ದ. ಕೊಲ್ಹಾಪುರ ಸ್ಟ್ಯಾಂಡಿನಲ್ಲಿ ಕಾಲೇಜು ಹುಡುಗರು ಕಾದು ನಿಂತಿರುತ್ತಿದ್ದರು. ತುಂಬಿದ ಡಬ್ಬಿ ಎತ್ತಿಕೊಂಡು, ನಿನ್ನೆಯ ಖಾಲಿ ಡಬ್ಬಿ ಅಲ್ಲಿಟ್ಟು ಹೋದರೆ ಮುಗಿಯಿತು. ಪರೀಕ್ಷೆಯ ದಿನಗಳಲ್ಲಿ ಡಬ್ಬಿಯ ಮೇಲಿನ ತಟ್ಟೆಯಲ್ಲಿ ಒಂದು ಸಜ್ಜಿಗೆ ಉಂಡೆ ಹೆಚ್ಚಿಗೆ ಇರುತ್ತಿತ್ತು. ಅದು ಅವ್ವನ ಪತ್ರ.

ಎಸ್‌ಟಿ, ಎಂದರೆ ಸರ್ಕಾರಿ ಬಸ್ಸು, ಶುರುವಾದದ್ದು 1948ರಲ್ಲಿ. ಅದಕ್ಕೆ ಮೊದಲು ಹಳ್ಳಿಯ ಹುಡುಗ ಪೇಟೆಯಲ್ಲಿ ಓದಬೇಕೆಂದರೆ ಬುತ್ತಿ ಎಲ್ಲಿಂದ ಬರಬೇಕು? ಬ್ರಾಹ್ಮಣರ ಬಡ ಹುಡುಗರಿಗೆ ವಾರಾನ್ನವಿತ್ತು. ಸೋಮವಾರ ವಕೀಲರ ಮನೆ, ಮಂಗಳವಾರ ಮಾಸ್ತರರ ಮನೆ ಎಂದು ಏಳು ಮನೆ ಗೊತ್ತುಮಾಡಿಕೊಂಡರೆ ಮೆಟ್ರಿಕ್ ಮುಗಿಯುತ್ತಿತ್ತು. ಅದು ಸುಖದ ಅನ್ನವಲ್ಲ, ಆದರೂ ಅನ್ನ. ರೈತನ ಮಗನಿಗೆ, ನೇಕಾರನ ಮಗನಿಗೆ, ಧನಗರನ ಮಗನಿಗೆ ಆ ಏಳು ಮನೆಗಳೂ ಇರಲಿಲ್ಲ. ಅವರ ಪೈಕಿಯವರು ಪೇಟೆಯಲ್ಲಿ ವಕೀಲರಾಗಿದ್ದರೆ ತಾನೇ ಉಣ್ಣಿಸಲು! ಬುದ್ಧಿಯಿದ್ದೂ ಶಾಲೆ ಬಿಟ್ಟವರು ಬಿಟ್ಟದ್ದು ಲೆಕ್ಕ ಬಾರದ್ದಕ್ಕಲ್ಲ, ಪೇಟೆಯಲ್ಲಿ ರಾತ್ರಿ ಮಲಗಲು ಜಾಗವಿಲ್ಲದ್ದಕ್ಕೆ. ಆ ಖಾಲಿ ಜಾಗದಲ್ಲಿ ಹುಟ್ಟಿದ ಸಂಸ್ಥೆಯನ್ನು ಈ ಭಾಗದವರು ಇಂದಿಗೂ ಒಂದೇ ಶಬ್ದದಲ್ಲಿ ಕರೆಯುತ್ತಾರೆ: ಬೋರ್ಡಿಂಗ್.

ಕೊಲ್ಹಾಪುರಕ್ಕೆ ‘ವಸತಿಗೃಹಗಳ ತಾಯಿ’ ಎಂಬ ಹೆಸರಿದೆ. ಹೆಸರು ಕೊಡಿಸಿದವರು ಅಲ್ಲಿಯ ಅರಸ ಶಾಹು ಮಹಾರಾಜರು. ಎಲ್ಲ ಜಾತಿಯ ಹುಡುಗರಿಗೂ ಒಂದೇ ವಸತಿಗೃಹ ಮಾಡಿ ನೋಡಿದರಂತೆ, ಅದು ನಡೆಯಲಿಲ್ಲ. ಆಮೇಲೆ 1901ರಲ್ಲಿ ವಿಕ್ಟೋರಿಯಾ ಮರಾಠಾ ಬೋರ್ಡಿಂಗ್ ಬಂತು, ಅದೇ ವರ್ಷ ದಿಗಂಬರ ಜೈನ ಬೋರ್ಡಿಂಗ್. 1906ರಲ್ಲಿ ಮುಸ್ಲಿಮರದು, ಅದರ ಆಸುಪಾಸಿನಲ್ಲೇ ಲಿಂಗಾಯತರದು, 1908ರಲ್ಲಿ ಅಸ್ಪೃಶ್ಯರೆನಿಸಿದವರ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ವಸತಿಗೃಹ. ಮಿಸ್ ಕ್ಲಾರ್ಕ್ ಎಂದರೆ ಆಗಿನ ಮುಂಬೈ ಗವರ್ನರರ ಮಗಳು. ಮುಂದೆ ಸಿಂಪಿಗರು, ಬಡಿಗರು, ಕ್ಷೌರಿಕರು, ಸಾರಸ್ವತರು, ಕ್ರೈಸ್ತರು ಎಂದು ಪಟ್ಟಿ ಬೆಳೆಯಿತು. ಮಹಾರಾಜರ ಪದ್ಧತಿ ಸರಳ: ಜಾಗ ಕೊಡುವುದು, ಕಟ್ಟಡಕ್ಕೆ ಹಣ ಕೊಡುವುದು, ವರ್ಷಾಸನ ಗೊತ್ತುಮಾಡುವುದು, ನಡೆಸುವ ಹೊಣೆ ಆಯಾ ಸಮಾಜದ್ದು. ಹುಡುಗ ಹಾದಿ ತಪ್ಪಿದರೆ ಸಮಾಜದ ಹಿರಿಯರೇ ಕಿವಿ ಹಿಂಡಬೇಕು.

ದಸರಾ ಚೌಕದಲ್ಲಿ ನಿಂತು ಸುತ್ತ ನೋಡಿದರೆ ಇದರ ಗುರುತು ಈಗಲೂ ಸಿಗುತ್ತದೆ. ಮುಸ್ಲಿಂ ಬೋರ್ಡಿಂಗ್, ಜೈನ ಬೋರ್ಡಿಂಗ್, ಲಿಂಗಾಯತ ಬೋರ್ಡಿಂಗ್ ಎಲ್ಲ ಕೂಗಿದರೆ ಕೇಳುವಷ್ಟು ಹತ್ತಿರ. ಲಿಂಗಾಯತ ಬೋರ್ಡಿಂಗ್ ಇರುವ ಜಾಗದ ಹೆಸರು ಚಿತ್ರದುರ್ಗ ಮಠ. ಕೊಲ್ಹಾಪುರದ ನಟ್ಟನಡುವೆ ನಮ್ಮ ಚಿತ್ರದುರ್ಗ! ಕನ್ನಡದವರಿಗೆ ಇದು ಬೆರಗಿನ ಸಂಗತಿ ಅನಿಸಬಹುದು, ಆ ಊರಿನವರಿಗಲ್ಲ. ಹಾತಕಣಂಗಲೆ ತಾಲ್ಲೂಕಿನ ಆಳತೆಯ ಗುಡ್ಡದ ಮೇಲೆ ಅಲ್ಲಮಪ್ರಭುವಿನ ಗುಡಿಯೇ ಇದೆ. ಶಾಲೆ, ಕಚೇರಿಯಲ್ಲಿ ಮರಾಠಿ ಮಾತಾಡಿ ಮನೆಗೆ ಬಂದು ಕನ್ನಡದಲ್ಲಿ ಜಗಳವಾಡುವ ಕುಟುಂಬಗಳು ಈ ಸೀಮೆಯಲ್ಲಿ ಹೊಸತಲ್ಲ. ವಿ.ಕೃ. ಗೋಕಾಕರು ಕೆಲಕಾಲ ಪ್ರಾಂಶುಪಾಲರಾಗಿದ್ದದ್ದೂ ಇದೇ ಊರಿನ ರಾಜಾರಾಮ ಕಾಲೇಜಿಗೆ.

ಅದೇ ಹಾತಕಣಂಗಲೆ ತಾಲ್ಲೂಕಿನ ಕುಂಭೋಜದಲ್ಲಿ 1887ರ ಸೆಪ್ಟೆಂಬರ್ 22ರಂದು ಒಂದು ಗಂಡುಮಗು ಹುಟ್ಟಿತು. ತಂದೆ ಪಾಯಗೊಂಡ ಪಾಟೀಲ. ಹೆಸರಿನ ಕೊನೆಯ ‘ಗೊಂಡ’ ನಮ್ಮ ‘ಗೌಡ’ನೇ, ಈ ಕಡೆಯ ಜೈನ ಒಕ್ಕಲು ಮನೆತನಗಳಲ್ಲಿ ಅದು ಹಾಗೆಯೇ ಉಳಿದಿದೆ. ಮಗನ ಹೆಸರು ಭಾವೂರಾವ್. ಮಹಾರಾಷ್ಟ್ರ ಮುಂದೆ ‘ಕರ್ಮವೀರ’ ಎಂದು ಕರೆದದ್ದು ಇವರನ್ನು.

ಹುಡುಗ 1902ರಲ್ಲಿ ಕೊಲ್ಹಾಪುರಕ್ಕೆ ಬಂದು ರಾಜಾರಾಮ ಹೈಸ್ಕೂಲು ಸೇರಿದ, ಜೈನ ಬೋರ್ಡಿಂಗಿನಲ್ಲಿ ಉಳಿದ. ಓದಿನಲ್ಲಿ ಅಂಥ ಚುರುಕೇನಲ್ಲ. ಕುಸ್ತಿ, ಈಜು, ಮಾತಿಗೆ ಮಾತು ಇವುಗಳಲ್ಲಿ ಮುಂದು. ಮಿಸ್ ಕ್ಲಾರ್ಕ್ ವಸತಿಗೃಹದ ಸಮಾರಂಭಕ್ಕೆ ಹೋಗಿಬಂದ ದಿನ ಬೋರ್ಡಿಂಗಿನಲ್ಲಿ ಅವನನ್ನು ತಡೆದರೆಂದು ಜೀವನಚರಿತ್ರೆಗಳು ಹೇಳುತ್ತವೆ. ಮೈಲಿಗೆಯಾಗಿದೆ, ಸ್ನಾನ ಮಾಡಿ ಪಂಕ್ತಿಗೆ ಕೂತುಕೋ ಎಂದರು. ನಾನು ಮೈಲಿಗೆಯಾಗಿಲ್ಲ ಎಂದ ಹುಡುಗ. ಬೋರ್ಡಿಂಗ್ ಬಿಡಬೇಕಾಯಿತು. ಹಾಗೆ ಬಿಡಿಸಿದ ಹಿರಿಯರೆಂದರೆ ಅಣ್ಣಾಸಾಹೇಬ ಲಠ್ಠೆಯವರು: ಕುರುಂದವಾಡದಲ್ಲಿ ಹುಟ್ಟಿದ ವಿದ್ವಾಂಸರು, ಮುಂದೆ ಶಾಹು ಮಹಾರಾಜರ ಜೀವನಚರಿತ್ರೆ ಬರೆದವರು, 1937ರ ಮುಂಬೈ ಸರ್ಕಾರದಲ್ಲಿ ಹಣಕಾಸು ಮಂತ್ರಿಯಾದವರು. ಸಣ್ಣ ಮನುಷ್ಯರಲ್ಲ. ಆದರೂ ಅಂದು ಬೋರ್ಡಿಂಗಿನ ಗೋಡೆ ಅವರಿಗಿಂತ ಎತ್ತರವಿತ್ತು.

ಈ ಕಥೆಗೆ ಇನ್ನೊಂದು ಮಗ್ಗುಲಿದೆ. 1914ರಲ್ಲಿ ಕೊಲ್ಹಾಪುರದಲ್ಲಿ ಬ್ರಿಟಿಷ್ ರಾಜಮನೆತನದವರ ಪ್ರತಿಮೆಗೆ ಯಾರೋ ಡಾಂಬರು ಬಳಿದರು. ಅನುಮಾನ ಲಠ್ಠೆಯವರ ಮೇಲೆ ತಿರುಗಿತು. ಅವರ ವಿರುದ್ಧ ಸಾಕ್ಷಿ ಹೇಳೆಂದು ಪೊಲೀಸರು ಹಿಡಿದು ಹಿಂಸಿಸಿದ್ದು ಇದೇ ಭಾವೂರಾಯರನ್ನು. ಸುಳ್ಳು ಹೇಳಲಾರದೆ ಅವರು ಜೀವ ಕಳೆದುಕೊಳ್ಳಲು ಹೊರಟರು, ಸಾಕ್ಷಿ ಮಾತ್ರ ಹೇಳಲಿಲ್ಲ. ತನ್ನನ್ನು ಪಂಕ್ತಿಯಿಂದ ಎಬ್ಬಿಸಿದವರನ್ನು ಉಳಿಸಲು ಇಷ್ಟು ಮಾಡಿದವನು ಮುಂದೆ ಎಂಥ ಬೋರ್ಡಿಂಗ್ ಕಟ್ಟಿಯಾನು ಎಂಬುದು ಇಲ್ಲೇ ಗೊತ್ತಾಗುತ್ತದೆ.

ಕಟ್ಟಲು ಶುರುಮಾಡಿದ್ದು ಒಬ್ಬ ಹುಡುಗನಿಂದ. ಇಸ್ಲಾಂಪುರದ ಶಾಲೆಯ ಹೊರಗೆ, ಚಳಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದ ದಲಿತ ಹುಡುಗನನ್ನು ಕಂಡು ಕೈಹಿಡಿದು ಕರೆತಂದು ಕೊಲ್ಹಾಪುರದ ಮಿಸ್ ಕ್ಲಾರ್ಕ್ ವಸತಿಗೃಹಕ್ಕೆ ಸೇರಿಸಿದರು. ಆ ಜ್ಞಾನದೇವ ಘೋಲಪ ಮುಂದೆ ಮುಂಬೈ ಕಾಯದೆ ಕೌನ್ಸಿಲಿನ ಸದಸ್ಯರಾದರು. 1910ರ ಸುಮಾರಿಗೆ ದುಧಗಾಂವದಲ್ಲಿ ಗೆಳೆಯರೊಡನೆ ಒಂದು ವಿದ್ಯಾರ್ಥಿ ಆಶ್ರಮ ನಡೆಸಿದರು. ನಡುವೆ ಹೊಟ್ಟೆಪಾಡಿಗೆ ಓಗಲೆಯವರ ಕಂದೀಲು, ಕಿರ್ಲೋಸ್ಕರರ ನೇಗಿಲು ಮಾರುತ್ತ ಹಳ್ಳಿ ಹಳ್ಳಿ ಸುತ್ತಿದರು. ನನಗನ್ನಿಸುವಂತೆ ಅವರ ನಿಜವಾದ ಕಾಲೇಜು ಇದೇ. ನೇಗಿಲು ಮಾರುವವನಿಗೆ ರೈತನ ಮನೆಯ ಹಿತ್ತಿಲವರೆಗೂ ಪ್ರವೇಶ. ಆ ಮನೆಯಲ್ಲಿ ಓದುವ ವಯಸ್ಸಿನ ಎಷ್ಟು ಮಕ್ಕಳು ದನದ ಹಿಂದೆ ಹೋಗುತ್ತಿವೆ ಎಂಬುದು ಕಣ್ಣಿಗೆ ಬೀಳುತ್ತದೆ. 1919ರ ಅಕ್ಟೋಬರ್ 4ರಂದು ಕರಾಡದ ಹತ್ತಿರದ ಕಾಲೇ ಎಂಬ ಹಳ್ಳಿಯಲ್ಲಿ ರಯತ್ ಶಿಕ್ಷಣ ಸಂಸ್ಥೆ ಹುಟ್ಟಿತು. ‘ರಯತ್’ ಅಂದರೆ ನಮ್ಮ ‘ರೈತ’ನೇ. 1924ರಲ್ಲಿ ಅದು ಸಾತಾರಕ್ಕೆ ಬಂತು, ಅಲ್ಲಿ ಬೋರ್ಡಿಂಗ್ ತೆರೆಯಿತು.

ಕೊಲ್ಹಾಪುರದಲ್ಲಿ ಜಾತಿಗೊಂದು ಬೋರ್ಡಿಂಗ್. ಸಾತಾರದಲ್ಲಿ ಎಲ್ಲರಿಗೂ ಒಂದೇ. ಒಂದೇ ಒಲೆ, ಒಂದೇ ಹಂಚು, ಒಂದೇ ಪಂಕ್ತಿ. ಮಹಾರ, ಮಾಂಗ, ಮರಾಠಾ, ಜೈನ, ಮುಸ್ಲಿಂ ಹುಡುಗರು ಪಾಳಿಯ ಮೇಲೆ ಹಿಟ್ಟು ನಾದಬೇಕು, ಭಕ್ಕರಿ ತಟ್ಟಬೇಕು, ಪಾತ್ರೆ ಬೆಳಗಬೇಕು. ಭಕ್ಕರಿ ತಟ್ಟಿದ ಅನುಭವವಿದ್ದವರಿಗೆ ಇದರ ಮರ್ಮ ತಿಳಿಯುತ್ತದೆ. ಎರಡೂ ಅಂಗೈಯ ಬಿಸಿ ತಾಕದೆ ಅದು ದುಂಡಗಾಗುವುದಿಲ್ಲ. ಇವನ ಅಂಗೈಯ ಭಕ್ಕರಿ ಅವನ ತಾಟಿಗೆ ಬಿದ್ದ ಮೇಲೆ ಮಡಿಯ ಬಗ್ಗೆ ಭಾಷಣ ಮಾಡುವ ಅಗತ್ಯವೇ ಬೀಳುವುದಿಲ್ಲ. 1927ರ ಫೆಬ್ರುವರಿಯಲ್ಲಿ ಗಾಂಧೀಜಿ ಬಂದು ಈ ಪಂಕ್ತಿಯನ್ನು ನೋಡಿ ಬೋರ್ಡಿಂಗಿಗೆ ಶಾಹು ಮಹಾರಾಜರ ಹೆಸರಿಟ್ಟು ಹೋದರು.

ಆ ಒಲೆಯ ಹಿಂದೆ ಲಕ್ಷ್ಮೀಬಾಯಿ ಇದ್ದರು, ಭಾವೂರಾಯರ ಹೆಂಡತಿ. ಮಡಿ ಬಲವಾದ ಮನೆತನದಿಂದ ಬಂದ ಹೆಣ್ಣುಮಗಳು ಊರ ಎಲ್ಲ ಜಾತಿಯ ಮಕ್ಕಳಿಗೂ ತಾಯಾದರು. ಕಾಳು ತೀರಿದಾಗಲೆಲ್ಲ ಮೈಮೇಲಿನ ಚಿನ್ನ ಒಂದೊಂದೇ ಪೇಟೆಗೆ ಹೋಯಿತು. ಕೊನೆಗೆ ಮಂಗಳಸೂತ್ರವೂ ಹೋಯಿತು. 1930ರಲ್ಲಿ ತೀರಿಕೊಂಡರು. ಸಂಸ್ಥೆಯ ಏಳಿಗೆಯನ್ನು ಅವರು ಕಾಣಲಿಲ್ಲ. ‘ಕರ್ಮವೀರ’ ಎಂಬ ಬಿರುದಿಗೆ ಸ್ತ್ರೀಲಿಂಗ ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲ ಎನ್ನುವುದು ನನ್ನ ತಕರಾರು.

ಮುಂದಿನದನ್ನು ಬೇಗ ಹೇಳಬಹುದು. 1947ರಲ್ಲಿ ಸಾತಾರದಲ್ಲಿ ಛತ್ರಪತಿ ಶಿವಾಜಿ ಕಾಲೇಜು. ದುಡಿದು ಕಲಿಯುವ ಪದ್ಧತಿಗೆ ‘ಕಮವಾ ವ ಶಿಕಾ’ ಎಂಬ ಹೆಸರು, ಎಂದರೆ ಗಳಿಸು ಮತ್ತು ಕಲಿ. ಫೀಸು ಇಲ್ಲದವನು ಹೊಲದಲ್ಲಿ, ತೋಟದಲ್ಲಿ ದುಡಿದು ತೀರಿಸಬಹುದು. ಭಾವೂರಾಯರಿಗೆ 1959ರಲ್ಲಿ ಪದ್ಮಭೂಷಣ, ಅದೇ ವರ್ಷದ ಮೇ 9ರಂದು ಮರಣ. ಸಂಸ್ಥೆಯ ಲಾಂಛನ ಆಲದ ಮರ. ಬಿಳಲುಗಳು ಇಂದು ಏಳುನೂರು ಶಾಖೆಗಳನ್ನು ದಾಟಿವೆ. 1962ರಲ್ಲಿ ಕೊಲ್ಹಾಪುರದಲ್ಲಿ ಶಿವಾಜಿ ವಿಶ್ವವಿದ್ಯಾಲಯ ಆರಂಭವಾದಾಗ ಮೊದಲ ಕುಲಪತಿ ಅಪ್ಪಾಸಾಹೇಬ ಪವಾರರು ಅಲ್ಲಿಗೂ ದುಡಿದು ಕಲಿಯುವ ಪದ್ಧತಿ ತಂದರು. ಮಹಾರಾಷ್ಟ್ರದ ಬಹಳಷ್ಟು ಕಾಲೇಜುಗಳಲ್ಲಿ ಈಗ ಗ್ರಂಥಾಲಯದಲ್ಲೋ ಕಚೇರಿಯಲ್ಲೋ ಕೆಲಸ ಮಾಡಿ ತಾಸಿನ ಲೆಕ್ಕದಲ್ಲಿ ಹಣ ಪಡೆಯುವ ವಿದ್ಯಾರ್ಥಿಗಳಿದ್ದಾರೆ. ಸಲಿಕೆಯ ಜಾಗಕ್ಕೆ ಕಂಪ್ಯೂಟರ್ ಬಂದಿದೆ. ಬರಲಿ. ಕೆಲಸ ಮಾಡಿದವನು ‘ನನ್ನ ಫೀಸು ನಾನೇ ಕಟ್ಟಿದೆ’ ಎಂದು ಹೇಳುವಾಗಿನ ಗತ್ತು ಅದೇ.

ಬೋರ್ಡಿಂಗ್ ಒಂದೇ ಅಲ್ಲ, ಈ ಸೀಮೆಯಲ್ಲಿ ಹುಡುಗರ ಬೆನ್ನಿಗೆ ನಿಲ್ಲುವ ಜಾಗಗಳು ಬೇರೆಯೂ ಇವೆ. ಕುಂಭೋಜದ ಮಗ್ಗುಲಿನ ಬಾಹುಬಲಿ ಗುಡ್ಡದಲ್ಲಿ ಸಮಂತಭದ್ರ ಮಹಾರಾಜರು ಕಟ್ಟಿದ ಗುರುಕುಲವಿದೆ. ಅಲ್ಲಿಯ 28 ಅಡಿಯ ಬಾಹುಬಲಿ ಮೂರ್ತಿಯನ್ನು ನೋಡಲು ನಮ್ಮ ಕಡೆಯಿಂದಲೂ ಜನ ಹೋಗುತ್ತಾರೆ, ಅದರ ನೆರಳಲ್ಲಿ ಓದುವ ಮಕ್ಕಳನ್ನು ನೋಡುವವರು ಕಡಿಮೆ. ಕೊಲ್ಹಾಪುರದ ಓಣಿ ಓಣಿಗೆ ತಾಲೀಮುಗಳಿವೆ. ಒಂದು ಕಾಲಕ್ಕೆ ಕೆಮ್ಮಣ್ಣಿನ ಹೌದದಲ್ಲಿ ವಸ್ತಾದರು ಪೈಲ್ವಾನರನ್ನು ತಯಾರು ಮಾಡುತ್ತಿದ್ದ ಗರಡಿಗಳು. ಅವುಗಳಲ್ಲಿ ಹಲವು ಈಗ ಫುಟ್ಬಾಲ್ ತಂಡಗಳು. ಪಾಟಾಕಡೀಲ ತಾಲೀಮು, ದಿಲ್‌ಬಹಾರ್ ತಾಲೀಮು ಶಾಹು ಮೈದಾನಕ್ಕಿಳಿದರೆ ಓಣಿಗೆ ಓಣಿಯೇ ಅಂಗಡಿ ಮುಚ್ಚಿ ಬರುತ್ತದೆ. ಗಡಹಿಂಗ್ಲಜಕ್ಕೂ ಅದೇ ಹುಚ್ಚು.

ಇದನ್ನೆಲ್ಲ ಬರೆಯುವಾಗ ನನ್ನ ಹಾಸ್ಟೆಲ್ ನೆನಪಾಗುತ್ತದೆ. ಹೆಸರು ಬೇಡ. ಸಾರಿನಲ್ಲಿ ಬೇಳೆ ಹುಡುಕಬೇಕಿತ್ತು, ಅಷ್ಟು ಸಾಕು. ಮೊದಲ ವಾರ ಟ್ರಂಕಿನ ಮೇಲೆ ಕುಳಿತು ಅಳುತ್ತಿದ್ದಾಗ ಮೇಲಿನ ತರಗತಿಯ ಅಣ್ಣನೊಬ್ಬ ಬಂದು, “ತಮ್ಮಾ, ಮನಿಗೆ ಪತ್ರ ಬರದಿಯೇನು?” ಎಂದು ಕೇಳಿದ. ಇಲ್ಲ ಎಂದೆ. ಒಂದು ಕಾರ್ಡು ಕೊಟ್ಟು, ಬರೆಯುವವರೆಗೆ ಪಕ್ಕದಲ್ಲೇ ಕುಳಿತ. ಓದಿ ನೋಡಿ, “ಊಟ ಚಲೋ ಐತಿ ಅಂತ ಬರಿ, ಅವ್ವ ಗಾಬರಿ ಆಗ್ತಾಳ” ಎಂದ. ಆ ವರ್ಷ ಪೂರ್ತಿ ಶನಿವಾರಕ್ಕೊಮ್ಮೆ ಬಂದು ಅದೇ ಪ್ರಶ್ನೆ ಕೇಳಿದ. ಅವನು ನನಗೆ ಪಾಠ ಹೇಳಲಿಲ್ಲ, ಬುದ್ಧಿಮಾತೂ ಹೇಳಲಿಲ್ಲ. ಆದರೂ ನಾನು ಊರಿಗೆ ಓಡಿಹೋಗದೆ ಉಳಿದದ್ದು ಅವನಿಂದ.

ಈಗಿನ ಹಾಸ್ಟೆಲ್ಲುಗಳಲ್ಲಿ ಮಂಚವಿದೆ, ಹಾಸಿಗೆಯಿದೆ, ಬೆರಳಚ್ಚು ಹಾಜರಿಯಿದೆ, ವಾರಕ್ಕೆ ಇಷ್ಟು ಮೊಟ್ಟೆ ಎಂಬ ಲೆಕ್ಕವಿದೆ. ಇವೆಲ್ಲ ಬೇಕು, ಹಸಿದ ದಿನಗಳನ್ನು ಹೊಗಳುವವನು ಹಸಿದವನಲ್ಲ. ಆದರೆ ಒಬ್ಬ ವಾರ್ಡನ್ ಎರಡೆರಡು ಹಾಸ್ಟೆಲ್ ನೋಡಿಕೊಳ್ಳಬೇಕಾದ ಕಡೆ, ಶನಿವಾರಕ್ಕೊಮ್ಮೆ ಬಂದು ಕೇಳುವವರು ಯಾರು? ಭಾವೂರಾಯರ ಬೋರ್ಡಿಂಗಿನಲ್ಲಿ ಕಾಳು ಕಡಿಮೆಯಿತ್ತು, ಕೇಳುವವರಿದ್ದರು.

ಜೂನ್ ತಿಂಗಳಲ್ಲಿ ಹಾಸ್ಟೆಲ್ಲುಗಳು ತೆರೆಯುತ್ತವೆ. ನಿಮ್ಮ ಊರಿನಲ್ಲೂ ಒಂದು ಇದ್ದೇ ಇರುತ್ತದೆ. ವಾರ್ಡನ್ನರ ಅನುಮತಿ ಪಡೆದು ಭಾನುವಾರ ಸಂಜೆ ಒಂದು ತಾಸು ಹೋಗಿ. ಲೆಕ್ಕ ಬಂದರೆ ಲೆಕ್ಕ ಹೇಳಿಕೊಡಿ, ಚೆಂಡು ಆಡಲು ಬಂದರೆ ಆಡಿ, ಏನೂ ಬಾರದಿದ್ದರೆ ಅವರ ಊರಿನ ಸುದ್ದಿ ಕೇಳುತ್ತ ಕುಳಿತುಕೊಳ್ಳಿ. ಹಣ್ಣಿನ ಬುಟ್ಟಿ, ಶಾಲು, ಫೋಟೊಗ್ರಾಫರ್ ಯಾವುದೂ ಬೇಡ. ಮುಂದಿನ ಭಾನುವಾರವೂ ಹೋಗಿ.